ತಲೆಯೊಳಗೆ ಸುಳ್ಳು ಡಂಗುರ: ಗುಳಗಿ ಇರುವಾಗ ಸರಪಳಿ ಯಾಕ್ರಿ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕೂ ತಾಲೂಕಿನ ಯಾವ ಊರಿನ ಕಟ್ಟೆಯ ಮೇಲೆ ಕುಂತು “ಅವನ್ನ ಧಾರವಾಡಕ್ಕ ಕಳಸ್ರಿ” ಅಂದರೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಾಲೇಜು ಕಲಿಯಲಿಕ್ಕೆ ಅಲ್ಲ, ಪೇಢೆ ತರಲಿಕ್ಕೂ ಅಲ್ಲ. 1845ರಲ್ಲಿ ಇಂಗ್ಲಿಷರ ಕಾಲಕ್ಕೆ ಶುರುವಾದ ಹುಚ್ಚರ ದವಾಖಾನೆ ಅಲ್ಲಿದೆಯಲ್ಲ, ಅದಕ್ಕೆ! ಆ ದವಾಖಾನೆಗೆ ಈಗ ‘ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ’, ಸಣ್ಣದಾಗಿ ‘ಡಿಮ್ಹಾನ್ಸ್’ ಎಂಬ ಹೆಸರು. ಬೋರ್ಡು ಬದಲಾಯಿತು, ಔಷಧ ಬದಲಾಯಿತು. ನಮ್ಮ ಬಾಯಿ ಮಾತ್ರ ಬದಲಾಗಲಿಲ್ಲ.

ಇವತ್ತಿನ ಈ ಅಂಕಣ ರಸ್ತೆಯ ತಗ್ಗಿನ ಬಗ್ಗೆ ಅಲ್ಲ, ನಳದ ನೀರಿನ ಬಗ್ಗೆಯೂ ಅಲ್ಲ. ಸ್ಕಿಜೋಫ್ರೇನಿಯಾ ಎಂಬ ಬೇನೆಯ ಬಗ್ಗೆ. ಕನ್ನಡದಲ್ಲಿ ‘ಇಚ್ಚಿತ್ತ ವಿಕಲತೆ’ ಅಂತ ಬರೆಯುತ್ತಾರೆ. ಊರೊಳಗೆ ಅದನ್ನು ಯಾರೂ ಹಂಗನ್ನೋದಿಲ್ಲ. ಗಾಳಿ ಆಗೈತಿ, ಮಾಟ ಮಾಡ್ಸ್ಯಾರ, ತಲಿ ಕೆಟ್ಟೈತಿ ಅಂತಾರೆ. ತಲೆಯೊಳಗೆ ಕೆಟ್ಟಿದ್ದು ಏನು ಅಂತ ಕೇಳಿದವರು ಕಡಿಮೆ. ಆ ಪ್ರಶ್ನೆಗೆ ಇವತ್ತು ಸಾಕಷ್ಟು ಉತ್ತರ ಇದೆ, ಪೂರ್ತಿ ಅಲ್ಲದಿದ್ದರೂ.

ಓದುಗರು “ಇವನ್ಯಾವ ಡಾಕ್ಟರ?” ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಪಿ.ಯು.ಸಿ. ಸೈನ್ಸ್ ಅರ್ಧಕ್ಕೆ ಬಿಟ್ಟವ. ಅದೂ ಇದೇ ಬೇನೆಯ ಕಾರಣದಿಂದ ಬಿಟ್ಟವ.

ಕೀಲಿ ನನ್ನ ಕಿಸೆಯಲ್ಲಿತ್ತು

ಬೇನೆ ನನ್ನದಲ್ಲ, ನನ್ನ ಕಾಕಾನದು. ಅವನ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಹೆಸರು ಬೇಡ, ಊರೂ ಬೇಡ ಅಂದ. ಇಲ್ಲಿಯದೇ ಅಂತ ತಿಳಿದುಕೊಂಡರೆ ಸಾಕು.

2006ರ ಬೇಸಿಗೆ. ಕಾಕಾ ಆಗ ಇಪ್ಪತ್ನಾಲ್ಕರ ಹುಡುಗ. ಕೈಮಗ್ಗದ ಮೇಲೆ ಕುಂತನೆಂದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅಂಥವನು ಒಂದು ದಿನ ಮಗ್ಗ ನಿಲ್ಲಿಸಿ ಸುಮ್ಮನೆ ಕುಂತ. “ಯಾಕೋ?” ಅಂತ ನಮ್ಮ ಅಪ್ಪ ಕೇಳಿದ್ದಕ್ಕೆ, “ಮಗ್ಗ ನನ್ನ ಹೆಸರ ಹಿಡದು ಕರಿಯಾಕತ್ತೈತಿ” ಅಂದ. ಎಲ್ಲರೂ ನಕ್ಕೆವು. ಆಮೇಲೆ ನಗುವಂಥದ್ದು ಉಳಿಯಲಿಲ್ಲ. ಬಸ್ಸಿನ ಕಂಡಕ್ಟರ್ ಸೀಟಿ ಊದಿದರೆ ಅದು ಪೊಲೀಸರಿಗೆ ಸನ್ನೆ. ಮಗ್ಗುಲು ಮನೆಯ ಮುದುಕ ಕೆಮ್ಮಿದರೆ ಅದೂ ಸನ್ನೆ. ರೇಡಿಯೋದ ಪ್ರದೇಶ ಸಮಾಚಾರದಲ್ಲಿ ತನ್ನದೇ ಸುದ್ದಿ ಓದುತ್ತಾರೆ ಅಂತ ಕಿವಿ ಮುಚ್ಚಿಕೊಳ್ಳುತ್ತಿದ್ದ. ನಿದ್ದೆ ಹೋಯಿತು, ಜಳಕ ಬಿಟ್ಟ. ಯಾರೂ ಇಲ್ಲದ ಮೂಲೆಯ ಜೊತೆ ಜಗಳ ಆಡತೊಡಗಿದ.

ನಾವು ಏನೇನು ಮಾಡಿದೆವು ಅಂತ ಪಟ್ಟಿ ಕೊಡುವುದಿಲ್ಲ. ನಿಮ್ಮ ಊರಲ್ಲಿ ಏನು ಮಾಡ್ತಾರೋ ಅದನ್ನೇ ಮಾಡಿದೆವು. ಅಂತ್ರ, ತಾಯತ, ನಿಂಬೆಹಣ್ಣು, ಐದು ಅಮಾವಾಸ್ಯೆ. ಒಂದು ಎತ್ತು ಮಾರಿದೆವು. ನನ್ನ ಕಾಲೇಜಿನ ಫೀ ಅದರ ಹಿಂದೆಯೇ ಹೋಯಿತು. ಒಂದು ದಿನ ಕಾಕಾ ಅಪ್ಪನ ಮೇಲೆ ಬಡಿಗೆ ಎತ್ತಿದ ಮೇಲೆ ದನದ ಕೊಟ್ಟಿಗೆಯ ಕಂಬಕ್ಕೆ ಸರಪಳಿ ಬಿಗಿದೆವು. ಎಂಟು ತಿಂಗಳು! ಬೀಗದ ಕೀಲಿ ನನ್ನ ಕಿಸೆಯಲ್ಲಿ ಇರುತ್ತಿತ್ತು, ಯಾಕೆಂದರೆ ಅವ್ವ ಹಿಡಿದುಕೊಂಡರೆ ಅತ್ತು ತೆಗೆದುಬಿಡುತ್ತಾಳೆ ಅಂತ. ಹದಿನೇಳು ವರ್ಷದ ನಾನು ದಿನಾ ಎರಡು ಹೊತ್ತು ರೊಟ್ಟಿ ಒಯ್ದು ಇಟ್ಟು ಬರುತ್ತಿದ್ದೆ. ಮುಖ ನೋಡುತ್ತಿರಲಿಲ್ಲ.

ಊರಿಗೆ ಬರುತ್ತಿದ್ದ ನರ್ಸಬಾಯಿಯೊಬ್ಬರು ಪೋಲಿಯೋ ಹನಿ ಹಾಕಲು ಬಂದವರು ಕೊಟ್ಟಿಗೆಯಲ್ಲಿ ಸರಪಳಿಯ ಸಪ್ಪಳ ಕೇಳಿ ಒಳಗೆ ಹೋಗಿ ನೋಡಿದರು. ಹೊರಗೆ ಬಂದು ನನಗೇ ಬೈದರು. “ಏ ತಮ್ಮಾ, ನಿಮ್ಮ ಕಾಕಾಗ ದೆವ್ವ ಬಡದಿಲ್ಲೋ, ಜಡ್ಡ ಆಗೈತಿ. ಜಡ್ಡಿಗೆ ಗುಳಗಿ ಅದಾವ. ನಾಳೆ ಮುಂಜಾನಿ ಬಸ್ಸಿಗೆ ಕರಕೊಂಡು ಹೋಗ್ರಿ.” ಹೋದೆವು. ಆರು ವಾರಕ್ಕೆ ಕಾಕಾ ನನ್ನ ಹೆಸರು ಹಿಡಿದು ಮಾತಾಡಿಸಿದ.

ಆ ಗುಳಗಿ ತಲೆಯೊಳಗೆ ಹೋಗಿ ಮಾಡಿದ್ದೇನು? ಅವತ್ತಿನಿಂದ ಹತ್ತಿದ ಪ್ರಶ್ನೆ ಇದು. ಸಿಕ್ಕ ಸಿಕ್ಕ ಡಾಕ್ಟರರನ್ನು ಕೇಳಿದ್ದೇನೆ, ಸಿಕ್ಕ ಪುಸ್ತಕ ಓದಿದ್ದೇನೆ.

ಡಂಗುರ ಸಾರುವವ

ಮಿದುಳು ಅಂದರೆ ಒಂದು ದೊಡ್ಡ ಊರು ಅಂತ ತಿಳಿಯಿರಿ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಒಂದು ಕೋಶ ಇನ್ನೊಂದನ್ನು ಮುಟ್ಟಿಕೊಂಡಿರುವುದಿಲ್ಲ, ನಡುವೆ ಕೂದಲೆಳೆಗಿಂತ ಎಷ್ಟೋ ಸಣ್ಣ ಸಂದು. ಈ ದಂಡೆಯ ಕೋಶ ಒಂದು ರಾಸಾಯನಿಕದ ಹನಿ ಬಿಡುತ್ತದೆ, ಆ ದಂಡೆಯ ಕೋಶದ ಮೈಮೇಲೆ ಅದನ್ನು ಹಿಡಿಯುವ ‘ಕಿವಿ’ಗಳಿರುತ್ತವೆ. ಡಾಕ್ಟರರು ಅದಕ್ಕೆ ರಿಸೆಪ್ಟರ್ ಅಂತಾರೆ. ನಾವು ಕಿವಿ ಅನ್ನೋಣ. ಇಂಥ ಸುದ್ದಿ ಒಯ್ಯುವ ರಾಸಾಯನಿಕಗಳು ಹತ್ತಾರು. ಅವುಗಳಲ್ಲಿ ಒಂದು ಡೋಪಮಿನ್.

ಮೊಬೈಲಿನಲ್ಲಿ ಈಗ ಡೋಪಮಿನ್ ಅಂದರೆ ‘ಸುಖದ ರಸ’ ಅಂತ ಹುಡುಗರು ವಿಡಿಯೋ ಮಾಡಿ ಬಿಡುತ್ತಾರೆ. ಅದು ಅರ್ಧ ಮಾತು. ಡೋಪಮಿನ್ನಿನ ಮುಖ್ಯ ಕಸುಬು ಡಂಗುರ ಸಾರುವುದು. ಹಿಂದಕ್ಕೆ ಊರಲ್ಲಿ ಓಣಿ ಓಣಿ ತಿರುಗಿ ಹಲಗೆ ಬಾರಿಸಿ “ಕೇಳ್ರೆಪೋ ಕೇಳ್ರೀ” ಅಂತ ಸಾರುತ್ತಿದ್ದರಲ್ಲ, ಅದೇ ಕೆಲಸ. ಹಲಗೆ ಸಪ್ಪಳ ಕೇಳಿದೊಡನೆ ಒಲೆ ಮುಂದಿನವರೂ ಹೊರಗೆ ಬಂದು ನಿಲ್ಲುತ್ತಿದ್ದರು. ಹಲಗೆ ಸುದ್ದಿ ಅಲ್ಲ, ‘ಇದು ಮಹತ್ವದ ಸುದ್ದಿ, ಲಕ್ಷ್ಯ ಕೊಡು’ ಅನ್ನುವ ಕೂಗು. ಡೋಪಮಿನ್ ಮಾಡುವುದೂ ಅದನ್ನೇ. ಹಾವು ಕಂಡಾಗ, ಹಸಿದಾಗ ರೊಟ್ಟಿಯ ವಾಸನೆ ಬಂದಾಗ, ಎಣಿಸದೆ ಲಾಭ ಬಂದಾಗ ಅದು ಬಾರಿಸುತ್ತದೆ. ಉಳಿದ ಹೊತ್ತು ಸುಮ್ಮನಿರುತ್ತದೆ. ಈ ರಸ ತಯಾರಿಸುವ ಕೋಶಗಳು ನಡುಮಿದುಳಿನಲ್ಲಿ ನಾಲ್ಕರಿಂದ ಆರು ಲಕ್ಷ ಮಾತ್ರ. 8,600 ಕೋಟಿಯ ಊರಲ್ಲಿ ಇದು ಲೆಕ್ಕಕ್ಕೇ ಬಾರದ ಮಂದಿ. ಆದರೆ ಅವರ ಹಲಗೆ ಊರಿನ ಬಹಳ ಓಣಿಗಳಿಗೆ ಕೇಳಿಸುತ್ತದೆ.

ಸ್ಕಿಜೋಫ್ರೇನಿಯಾ ಆದವರ ಮಿದುಳಿನಲ್ಲಿ ಆಗುವುದೇನು? ಮಿದುಳಿನ ಆಳದಲ್ಲಿ ಸ್ಟ್ರಯೇಟಮ್ ಎಂಬ ಜಾಗ ಇದೆ. ಅಲ್ಲಿ ಡಂಗುರದವನು ಹೊತ್ತುಗೊತ್ತಿಲ್ಲದೆ ಬಾರಿಸುತ್ತಾನೆ. ಸೀಟಿ ಊದಿದ್ದಕ್ಕೂ ಡಂಗುರ, ಮುದುಕ ಕೆಮ್ಮಿದ್ದಕ್ಕೂ ಡಂಗುರ, ಗೋಡೆಯ ಮೇಲಿನ ಕಲೆಗೂ ಡಂಗುರ! ಕೇಳುವ ಮನುಷ್ಯ ಏನು ಮಾಡಬೇಕು? ಇಷ್ಟು ಜೋರಾಗಿ ಸಾರುತ್ತಿದ್ದಾರೆ ಅಂದಮೇಲೆ ಏನೋ ದೊಡ್ಡ ಸಂಗತಿ ಇರಲೇಬೇಕು ಅಂತ ತನ್ನ ಬುದ್ಧಿಯಿಂದ ಒಂದು ಕತೆ ಕಟ್ಟುತ್ತಾನೆ. ‘ಅವರೆಲ್ಲ ಕೂಡಿ ನನ್ನ ಕೊಲ್ಲಲಿಕ್ಕೆ ನಿಂತಾರ.’ ಕತೆ ಸುಳ್ಳು. ಆದರೆ ಅವನಿಗೆ ಕೇಳಿಸಿದ ಡಂಗುರ ಸುಳ್ಳಲ್ಲ. ಅದಕ್ಕೇ “ಹಂಗೇನಿಲ್ಲೋ ಮಾರಾಯಾ” ಅಂತ ನೂರು ಸಲ ಹೇಳಿದರೂ ಅವನಿಗೆ ನಾಟುವುದಿಲ್ಲ. ಭಾರತ ಮೂಲದ ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ಈ ವಿಚಾರವನ್ನು ಬಿಡಿಸಿ ಬರೆದರು. ಹಲಗೆಯ ಹೋಲಿಕೆ ನನ್ನದು, ತಪ್ಪಿದ್ದರೆ ನನ್ನ ತಪ್ಪು.

ಇದು ಬರೀ ಊಹೆಯೂ ಅಲ್ಲ. 1990ರ ದಶಕದಲ್ಲಿ ಪರದೇಶದ ಡಾಕ್ಟರರು ಗುರುತು ಹಚ್ಚಿದ ಡೋಪಾ ಎಂಬ ವಸ್ತುವನ್ನು ರಕ್ತಕ್ಕೆ ಚುಚ್ಚಿ, ಸ್ಕ್ಯಾನಿಂಗ್ ಯಂತ್ರದಲ್ಲಿ ಮಿದುಳನ್ನು ನೋಡಿದರು. ಬೇನೆ ಇದ್ದವರ ಗುಂಪಿನಲ್ಲಿ ಆ ಜಾಗದಲ್ಲಿ ಡೋಪಮಿನ್ ತಯಾರಾಗುವುದು ಬೇನೆ ಇಲ್ಲದವರಿಗಿಂತ ಹೆಚ್ಚು ಕಂಡಿತು. ಹಾಗಂತ ಸ್ಕ್ಯಾನ್ ಮಾಡಿ ಒಬ್ಬೊಬ್ಬರಿಗೆ “ನಿನಗ ಈ ಬೇನೆ ಐತಿ, ನಿನಗಿಲ್ಲ” ಅಂತ ಹೇಳಲು ಆಗುವುದಿಲ್ಲ. ರಕ್ತ ಪರೀಕ್ಷೆಯಿಂದಲೂ ಇಲ್ಲ. ಯಾರಾದರೂ ‘ಡೋಪಮಿನ್ ಟೆಸ್ಟ್’ ಮಾಡಿ ಹುಚ್ಚು ಹೇಳುತ್ತೇನೆ ಅಂದರೆ ರೊಕ್ಕ ಕೊಡಬೇಡಿ. ಡಾಕ್ಟರರು ಮಾತಾಡಿಸಿ, ಮನೆಯವರನ್ನು ಕೇಳಿ, ತಿಂಗಳುಗಟ್ಟಲೆ ಲಕ್ಷಣ ಇದೆಯೇ ಅಂತ ನೋಡಿಯೇ ಇದನ್ನು ಗುರುತಿಸುವುದು.

ಪಾಗಲ್ ಕೀ ದವಾ

ಈ ಡೋಪಮಿನ್ ಕತೆಯ ಮೊದಲ ಅಧ್ಯಾಯ ಸ್ವೀಡನ್ನಿನಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ, ನಮ್ಮ ದೇಶದ ಬೇರಿನಲ್ಲಿದೆ. ಸರ್ಪಗಂಧಿ ಎಂಬ ಗಿಡ. ಘಟ್ಟದ ಕಡೆಯ ಕಾಡಿನಲ್ಲಿ ಬೆಳೆಯುತ್ತದೆ. ಬಿಹಾರದ ಕಡೆ ಇದರ ಬೇರಿಗೆ ‘ಪಾಗಲ್ ಕೀ ದವಾ’ ಅಂತಲೇ ಹೆಸರು. 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ಇಬ್ಬರು, ಈ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಔಷಧ ಅಂತ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹೊರಗಿನವರು ಇಪ್ಪತ್ತು ವರ್ಷ ತಿರುಗಿ ನೋಡಲಿಲ್ಲ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರೊಳಗಿನ ಸತ್ವ ತೆಗೆದು ‘ರಿಸರ್ಪಿನ್’ ಅಂತ ಹೆಸರಿಟ್ಟಿತು. ಆಮೇಲೆ ನೋಡಿ, ಲೋಕಕ್ಕೆಲ್ಲ ಬೇಕಾಯಿತು! 1954ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ನೇಥನ್ ಕ್ಲೈನ್ ಎಂಬ ಡಾಕ್ಟರ ಅದನ್ನು ತನ್ನ ದವಾಖಾನೆಯ ರೋಗಿಗಳಿಗೆ ಕೊಟ್ಟು ಗುಣ ಕಂಡೆ ಅಂದ.

ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಇದೇ ರಿಸರ್ಪಿನ್ನನ್ನು ಮೊಲಗಳಿಗೆ ಕೊಟ್ಟು ನೋಡಿದ. ಮೊಲಗಳು ಕಿವಿ ಜೋತುಬಿಟ್ಟು ಕಲ್ಲಿನಂತೆ ಬಿದ್ದವು. ಮಿದುಳಿನ ಡೋಪಮಿನ್ ಕಣಜ ಬರಿದಾಗಿತ್ತು. ಆಮೇಲೆ ಡೋಪಾ ಚುಚ್ಚಿದ. ಮಿದುಳು ಡೋಪಾದಿಂದಲೇ ಡೋಪಮಿನ್ ಮಾಡಿಕೊಳ್ಳುತ್ತದೆ. ಮೊಲಗಳು ಎದ್ದು ಓಡಾಡಿದವು! ಇದು 1957ರ ಸುಮಾರಿನ ಮಾತು. ಅಲ್ಲಿಯವರೆಗೆ ಡೋಪಮಿನ್ನಿಗೆ ಮಿದುಳಿನಲ್ಲಿ ಸ್ವಂತ ಕೆಲಸವೇ ಇಲ್ಲ ಅಂತ ಪಂಡಿತರು ತಿಳಿದಿದ್ದರು. ಆ ಕೆಲಸಕ್ಕೆ ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು, ಇನ್ನಿಬ್ಬರ ಜೊತೆಗೆ.

ಇನ್ನೊಂದು ಸೋಜಿಗ. ಮೊಲವನ್ನು ಎಬ್ಬಿಸಿದ ಆ ಡೋಪಾ ನಮ್ಮ ಹೊಲದ ಬೇಲಿಯಲ್ಲೂ ಇದೆ. ಮೈಗೆ ತಾಗಿದರೆ ತುರಿಸಿ ತುರಿಸಿ ಸಾಯಿಸುವ ನಸಗುನ್ನಿ ಕಾಯಿ ಗೊತ್ತಲ್ಲ, ಅದರ ಬೀಜದಲ್ಲಿ. 1937ರಲ್ಲೇ ದಾಮೋದರನ್, ರಾಮಸ್ವಾಮಿ ಎಂಬ ನಮ್ಮ ದೇಶದ ಇಬ್ಬರು ಅದನ್ನು ಬೇರ್ಪಡಿಸಿ ತೋರಿಸಿದ್ದರು. ಒಂದು ಗಿಡ ಡಂಗುರ ಅಡಗಿಸುವುದು, ಇನ್ನೊಂದು ಬಾರಿಸುವುದು, ಎರಡೂ ನಮ್ಮಲ್ಲೇ! ಇದನ್ನು ಓದಿ ಯಾರೂ ಬೇಲಿಗೆ ಹೋಗಿ ಕಾಯಿ ಹರಿಯಬೇಡಿ. ಈ ಬೇನೆ ಇದ್ದವರಿಗೆ ಡೋಪಾ ಕೊಟ್ಟರೆ ಉರಿಯುವ ಬೆಂಕಿಗೆ ಎಣ್ಣೆ ಹಾಕಿದಂತೆ. ಸರ್ಪಗಂಧಿಯ ಸತ್ವವನ್ನೂ ಈ ಬೇನೆಗೆ ಈಗ ಕೊಡುವುದು ಬಿಟ್ಟಂತೆಯೇ ಆಗಿದೆ, ಅದಕ್ಕಿಂತ ಒಳ್ಳೆಯವು ಬಂದಿವೆ.

ಆ ಒಳ್ಳೆಯವುಗಳಲ್ಲಿ ಹಿರಿಯ ಮಗ ಕ್ಲೋರ್‌ಪ್ರೊಮಝಿನ್. 1952ರಲ್ಲಿ ಪ್ಯಾರಿಸ್ಸಿನ ಡಿಲೇ ಮತ್ತು ಡೆನಿಕರ್ ಎಂಬ ಡಾಕ್ಟರರು ಹುಚ್ಚಿಗೆ ಕೊಟ್ಟು ಗುಣ ಕಂಡರು. ಯಾಕೆ ಗುಣ ಆಯಿತು ಅಂತ ಆಗ ಅವರಿಗೂ ಗೊತ್ತಿರಲಿಲ್ಲ. 1963ರಲ್ಲಿ ಅದೇ ಕಾರ್ಲ್‌ಸನ್, ಈ ಔಷಧಗಳು ಡಂಗುರದವನನ್ನು ಹಿಡಿಯುವುದಿಲ್ಲ, ಕೇಳುವವರ ಕಿವಿ ಮುಚ್ಚುತ್ತವೆ ಎಂಬ ದಾರಿ ತೋರಿಸಿದ. 1975-76ರಲ್ಲಿ ಕೆನಡಾದ ಫಿಲಿಪ್ ಸೀಮನ್ ಮತ್ತು ಅಮೆರಿಕದ ಸ್ನೈಡರನ ಗುಂಪಿನವರು ಇದನ್ನು ಗಟ್ಟಿ ಮಾಡಿದರು. ಡೋಪಮಿನ್ನಿನ ಡಿ-2 ಎಂಬ ಕಿವಿಯನ್ನು ಎಷ್ಟು ಬಿಗಿಯಾಗಿ ಮುಚ್ಚುತ್ತದೋ ಅಷ್ಟು ಕಡಿಮೆ ಪ್ರಮಾಣದಲ್ಲಿ ಆ ಗುಳಗಿ ಸಾಕಾಗುತ್ತದೆ ಅಂತ ಲೆಕ್ಕ ಕೂಡಿತು.

ಕಿವಿಯೊಳಗೆ ಅರಳೆ

ಇಲ್ಲಿ ಓದುಗರು ಸ್ವಲ್ಪ ನಿಧಾನವಾಗಿ ಓದಬೇಕು. ನಾನು ಬರೆಯಲು ಕುಂತಿದ್ದೇ ಇದಕ್ಕಾಗಿ.

ಗುಳಗಿ ಅಂದರೆ ಕಿವಿಗೆ ಇಟ್ಟ ಅರಳೆ. ಬೈಲಹೊಂಗಲದವರಿಗೆ ಅರಳೆಯ ಬಗ್ಗೆ ನಾನೇನು ಹೇಳಲಿ! ಅರಳೆ ಇಟ್ಟೊಡನೆ ಡಂಗುರದ ಸದ್ದು ಸಣ್ಣದಾಗುತ್ತದೆ. ಆದರೆ ಡಂಗುರದವನು ಬಾರಿಸುವುದನ್ನು ನಿಲ್ಲಿಸಿಲ್ಲ. ಅದರಿಂದ ಎರಡು ಸಂಗತಿ ಆಗುತ್ತವೆ, ಎರಡೂ ನಮ್ಮ ಮನೆಯಲ್ಲಿ ಆದವು.

ಒಂದು, ಸದ್ದು ಸಣ್ಣದಾದರೂ ಕಟ್ಟಿದ ಕತೆ ತಕ್ಷಣ ಹೋಗುವುದಿಲ್ಲ. ಕಾಕಾನಿಗೆ ಮಗ್ಗ ಕರೆಯುವುದು ಮೂರನೇ ವಾರಕ್ಕೇ ಕಡಿಮೆಯಾಯಿತು. ಆದರೆ ಮಗ್ಗುಲು ಮನೆಯ ಮುದುಕ ತನ್ನ ವೈರಿ ಎಂಬುದು ಹೋಗಲಿಕ್ಕೆ ನಾಲ್ಕು ತಿಂಗಳು ಬೇಕಾಯಿತು. “ಗುಳಗಿ ನುಂಗಿ ವಾರ ಆತು, ಏನೂ ಫರಕಿಲ್ಲ” ಅಂತ ಬಿಡುವವರು ಇದನ್ನು ತಿಳಿಯಬೇಕು.

ಎರಡು, ಅರಳೆ ತೆಗೆದೊಡನೆ ಡಂಗುರ ಮತ್ತೆ ಕೇಳುತ್ತದೆ. ತೆಗೆದ ಮರುದಿನವೇ ಅಲ್ಲ, ವಾರ ತಿಂಗಳು ಬಿಟ್ಟು. ಮೋಸ ಇರುವುದು ಅಲ್ಲಿಯೇ! ಹತ್ತನೇ ತಿಂಗಳಿಗೆ ನಮ್ಮ ಅಪ್ಪ “ಈಗ ಆರಾಮ ಆಗ್ಯಾನ, ದಿನಾ ಗುಳಗಿ ತಿಂದ್ರ ಕಿಡ್ನಿ ಹೋಗ್ತಾವಂತ” ಎಂದು ಸಂತೆಯಲ್ಲಿ ಯಾರೋ ಹೇಳಿದ ಮಾತು ಕೇಳಿ ನಿಲ್ಲಿಸಿದ. ಒಂದು ತಿಂಗಳು ಕಾಕಾ ಚಲೋ ಇದ್ದ. “ನೋಡು, ಏನಾತು?” ಅಂತ ಅಪ್ಪ ಗೆದ್ದವನಂತೆ ತಿರುಗಿದ. ಎರಡನೇ ತಿಂಗಳು ಕಾಕಾ ಮತ್ತೆ ಮಗ್ಗದ ಮುಂದೆ ಸುಮ್ಮನೆ ಕುಂತ.

ಗುಳಗಿಯನ್ನು ಎಷ್ಟು ವರ್ಷ ನುಂಗಬೇಕು, ಯಾವಾಗ ಕಡಿಮೆ ಮಾಡಬೇಕು ಎಂಬುದು ಡಾಕ್ಟರರ ಜೊತೆ ಕುಂತು ತೀರ್ಮಾನಿಸುವ ಮಾತು, ಸಂತೆಯಲ್ಲಿ ಅಲ್ಲ. ನುಂಗಲು ಒಲ್ಲೆ ಅನ್ನುವವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಂದು ಸೂಜಿ ಮಾಡಿಸುವ ವ್ಯವಸ್ಥೆಯೂ ಇದೆ.

ಹಂಗಾದ್ರೆ ಮಂದಿ ಯಾಕೆ ಬಿಡುತ್ತಾರೆ? ಬರೀ ಮೂಢತನದಿಂದ ಅಲ್ಲ. ಗುಳಗಿಯಿಂದ ತ್ರಾಸೂ ಆಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಡೋಪಮಿನ್ ಒಂದೇ ಓಣಿಯಲ್ಲಿ ತಿರುಗುವುದಿಲ್ಲ. ಕೈಕಾಲು ಸಲೀಸಾಗಿ ಆಡಿಸುವ ಓಣಿಯಲ್ಲೂ ಅದರದೇ ಕೆಲಸ. ಅಲ್ಲಿ ಡೋಪಮಿನ್ ಕೋಶಗಳು ಸಾಯುತ್ತಾ ಹೋದರೆ ಬರುವುದೇ ಪಾರ್ಕಿನ್ಸನ್ ಎಂಬ ನಡುಕದ ಬೇನೆ. ಅಲ್ಲಿಯ ಕಿವಿಗಳಿಗೂ ಅರಳೆ ಬಿದ್ದರೆ ಕೈ ನಡುಗುತ್ತದೆ, ಮೈ ಸೆಟೆಯುತ್ತದೆ, ಮುಖ ಕಟ್ಟಿಗೆಯಾಗುತ್ತದೆ, ಕೆಲವರಿಗೆ ಕುಂತಲ್ಲಿ ಕೂಡಲಾಗದೆ ಕಾಲು ತಿರುಗುತ್ತಲೇ ಇರಬೇಕು ಅನಿಸುತ್ತದೆ. ಸ್ಕ್ಯಾನ್ ಮಾಡಿ ನೋಡಿದವರ ಲೆಕ್ಕದಲ್ಲಿ ನೂರು ಕಿವಿಗಳಲ್ಲಿ 65ರಷ್ಟು ಮುಚ್ಚಿದರೆ ಗುಣ ಕಾಣುತ್ತದೆ, 80ರ ಸುತ್ತ ಹೋದರೆ ಈ ತ್ರಾಸು ಶುರು. ನಡುವಿನ ಬದು ಬಹಳ ಸಣ್ಣದು. ಅದರ ಮೇಲೆ ನಡೆಯಲು ಡಾಕ್ಟರರಿಗೂ ಒಂದೆರಡು ಸಲ ಎಡವಬೇಕಾಗುತ್ತದೆ.

ಕಾಕಾನಿಗೆ ಎರಡನೇ ಸಲ ಬೇನೆ ಬಂದಾಗ ಹತ್ತಿರದ ಒಂದು ಖಾಸಗಿ ದವಾಖಾನೆಗೆ ಒಯ್ದೆವು. ಗುಳಗಿ ಕೊಟ್ಟರು, ರೊಕ್ಕ ತೆಗೆದುಕೊಂಡರು. ಕೈ ನಡುಗಬಹುದು, ನಡುಗಿದರೆ ಬನ್ನಿ, ಕಡಿಮೆ ಮಾಡುತ್ತೇವೆ, ಬೇರೆ ಕೊಡುತ್ತೇವೆ ಎಂಬ ಎರಡು ಮಾತು ಹೇಳಲಿಲ್ಲ. ನೇಕಾರನ ಕೈ ನಡುಗಿದರೆ ಅವನಿಗೆ ಉಳಿಯುವುದೇನು? ಲಾಳಿ ಹಿಡಿಯಲಾಗದೆ ಕಾಕಾ ಗುಳಗಿಗಳನ್ನು ನಾಲಿಗೆ ಕೆಳಗಿಟ್ಟುಕೊಂಡು ಹಿತ್ತಿಲಲ್ಲಿ ಉಗುಳತೊಡಗಿದ. ಮತ್ತೆ ಧಾರವಾಡದ ಬಸ್ಸು. ಗುಳಗಿ ಬದಲಾಯಿಸಿದ ಮೇಲೆ ನಡುಕ ನಿಂತಿತು.

ಹೆಣ್ಣುಮಕ್ಕಳದು ಇನ್ನೊಂದು ಗುಟ್ಟಿನ ತ್ರಾಸು. ಡೋಪಮಿನ್ ಇನ್ನೊಂದು ಓಣಿಯಲ್ಲಿ ಎದೆಹಾಲಿನ ಹಾರ್ಮೋನನ್ನು ತಡೆಹಿಡಿಯುತ್ತದೆ. ಅಲ್ಲಿ ಅರಳೆ ಬಿದ್ದರೆ ಬಾಣಂತಿ ಅಲ್ಲದವರಿಗೂ ಹಾಲು ಜಿನುಗಬಹುದು, ತಿಂಗಳ ಮುಟ್ಟು ನಿಲ್ಲಬಹುದು. ಇದನ್ನು ಯಾರ ಮುಂದೆ ಹೇಳಬೇಕು? ಗಂಡಸು ಡಾಕ್ಟರರ ಮುಂದೆ, ಮಾವನ ಎದುರಿಗೆ? ಹೇಳದೆ ಗುಳಗಿಯನ್ನೇ ಬಿಟ್ಟುಬಿಡುತ್ತಾರೆ. ತಾಯಂದಿರೇ, ಇದು ದೊಡ್ಡ ರೋಗ ಅಲ್ಲ, ಗುಳಗಿ ಬದಲಾಯಿಸಿದರೆ ಸರಿಯಾಗುವಂಥದ್ದು. ಡಾಕ್ಟರರಿಗೆ ನಾಚಿಕೆ ಬಿಟ್ಟು ಹೇಳಿ, ಇಲ್ಲವೇ ನರ್ಸಬಾಯಿಯರಿಗೆ ಹೇಳಿ. ಹೊಸ ಗುಳಗಿಗಳಲ್ಲಿ ಕೆಲವು ಮೈ ದಪ್ಪ ಮಾಡುತ್ತವೆ, ಸಕ್ಕರೆ ಕಾಯಿಲೆ ತರಬಲ್ಲವು. ತೂಕ, ಸಕ್ಕರೆ ಆಗಾಗ ನೋಡಿಸಬೇಕು.

ಎಲ್ಲವೂ ಡೋಪಮಿನ್ ಅಲ್ಲ

ಇಷ್ಟು ಹೇಳಿದ ಮೇಲೆ ನನ್ನ ಕತೆಗೆ ನಾನೇ ಒಂದು ಕೊಕ್ಕೆ ಹಾಕಬೇಕು. ಮೂವರಲ್ಲಿ ಒಬ್ಬರಷ್ಟು ರೋಗಿಗಳಿಗೆ ಕಿವಿ ಮುಚ್ಚುವ ಸಾದಾ ಗುಳಗಿಗಳಿಂದ ಸಾಕಷ್ಟು ಗುಣ ಸಿಗುವುದಿಲ್ಲ. ಅಂಥವರನ್ನು ಸ್ಕ್ಯಾನ್ ಮಾಡಿದಾಗ ಅವರಲ್ಲಿ ಹಲವರಿಗೆ ಡೋಪಮಿನ್ ಹೆಚ್ಚಿದ್ದು ಕಾಣಲೇ ಇಲ್ಲ. ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ಮೇಲೆ ಅನುಮಾನ. ಅವರಿಗೆ ಕ್ಲೋಝಪಿನ್ ಎಂಬ ಗುಳಗಿ ಹಿಡಿಯುತ್ತದೆ. 1975ರಲ್ಲಿ ಫಿನ್ಲೆಂಡಿನಲ್ಲಿ ಕೆಲವರಿಗೆ ರಕ್ತದ ಬಿಳಿಕಣ ಇಳಿದು ಸಾವಾದದ್ದರಿಂದ ಅದನ್ನು ಬಹಳ ಕಡೆ ಮೂಲೆಗಿಟ್ಟಿದ್ದರು. 1988ರಲ್ಲಿ ಅಮೆರಿಕದ ಜಾನ್ ಕೇನ್ ಬೇರೆ ಗುಳಗಿ ಹಿಡಿಯದವರಿಗೆ ಅದು ಹಿಡಿಯುತ್ತದೆ ಅಂತ ತೋರಿಸಿದ ಮೇಲೆ ಮರಳಿ ಬಂತು. ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ, ಮೊದಲ ತಿಂಗಳುಗಳಲ್ಲಿ ವಾರಕ್ಕೊಮ್ಮೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ ಡೋಪಮಿನ್ನಿನ ಕಿವಿ ಮುಚ್ಚದೆ ಬೇರೆ ಬಾಗಿಲಿನಿಂದ ಹೋಗುವ ಒಂದು ಹೊಸ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಎಪ್ಪತ್ತು ವರ್ಷದಲ್ಲಿ ಇದೇ ಹೊಸ ದಾರಿ ಅಂತ ಬಲ್ಲವರು ಹೇಳುತ್ತಾರೆ.

ಇನ್ನೊಂದು ಮಾತು. ಕೆಲವರು ಸುಮ್ಮನೆ ಗೋಡೆ ನೋಡುತ್ತಾ ಕುಂತಿರುತ್ತಾರೆ. ಮಾತಿಲ್ಲ, ಕೆಲಸ ಬೇಡ, ಮೈತೊಳೆಯುವುದೂ ಬೇಡ. ಮನೆಯವರು “ಸೋಮಾರಿ ಸುಳೇಮಗ” ಅಂತ ಬೈಯುತ್ತಾರೆ. ಅದೂ ಬೇನೆಯೇ. ಹಣೆಯ ಹಿಂದಿನ ಮಿದುಳಿನಲ್ಲಿ ಡೋಪಮಿನ್ ಕಡಿಮೆ ಬೀಳುವುದು ಅದಕ್ಕೆ ಒಂದು ಕಾರಣ ಇರಬಹುದು ಎನ್ನಲಾಗಿದೆ. ಕಿವಿಗೆ ಅರಳೆ ಇಟ್ಟರೆ ಇದು ಹೋಗುವುದಿಲ್ಲ. ಜೊತೆಗೆ ಕುಂತು ಸಣ್ಣ ಸಣ್ಣ ಕೆಲಸಕ್ಕೆ ಹಚ್ಚಬೇಕು.

ಗಾಂಜಾ ಸೇದುವ ಹುಡುಗರಿಗೆ ಒಂದೇ ಸಾಲು: ಚಿಕ್ಕ ವಯಸ್ಸಿನಲ್ಲಿ ಹಚ್ಚಿಕೊಂಡರೆ ಈ ಬೇನೆ ಬರುವ ಸಂಭವ ಹೆಚ್ಚುತ್ತದೆ, ಮನೆತನದಲ್ಲಿ ಇದ್ದರಂತೂ ಮತ್ತಷ್ಟು.

ಮನೆತನದ ಮಾತು ಬಂತಲ್ಲ. ತಂದೆಗೋ ತಾಯಿಗೋ ಇದ್ದರೆ ಹತ್ತು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಬರಬಹುದು, ಒಂಬತ್ತು ಮಂದಿಗೆ ಬರುವುದಿಲ್ಲ. ತದ್ರೂಪಿ ಅವಳಿಯಲ್ಲಿ ಒಬ್ಬರಿಗೆ ಇದ್ದರೂ ಇನ್ನೊಬ್ಬರಿಗೆ ಬರುವುದು ಸರಿಸುಮಾರು ಅರ್ಧ ಪಾಲಿಗಿಂತ ಹೆಚ್ಚಲ್ಲ. ಅಂದಮೇಲೆ ಬರೀ ರಕ್ತದ ದೋಷ ಅಲ್ಲ. ಆದರೆ ನಮ್ಮವರು ಇದನ್ನು ಮುಚ್ಚಿಟ್ಟು “ಮದುವಿ ಮಾಡ್ರಿ, ಸರಿ ಹೋಗ್ತಾನ” ಅಂತ ಒಂದು ಬಡ ಹುಡುಗಿಯ ಕೊರಳು ಕೊಯ್ಯುತ್ತಾರಲ್ಲ, ಅದಕ್ಕೆ ಏನನ್ನಬೇಕು! ಮದುವೆ ಈ ಬೇನೆಗೆ ಔಷಧ ಅಲ್ಲ. ಕಾಕಾನಿಗೂ ಒಂದು ಸಂಬಂಧ ನೋಡಿದ್ದರು. ಕಾಕಾನೇ ಹೋಗಿ ಹುಡುಗಿಯ ಅಪ್ಪನಿಗೆ ತನ್ನ ಗುಳಗಿ ಡಬ್ಬಿ ತೋರಿಸಿ ಬಂದ. ಸಂಬಂಧ ಮುರಿಯಿತು. ಅವ್ವ ಎರಡು ದಿನ ಉಣ್ಣಲಿಲ್ಲ.

ಗುಡ್ಡ ಮತ್ತು ದವಾಖಾನೆ

ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಯ ದಿನ ಮೈಮೇಲೆ ತಾಯಿ ಬಂದು ಕುಣಿಯುವವರನ್ನು ನೋಡಿ ಪಟ್ಟಣದ ಕೆಲವರು “ಇವರಿಗೆಲ್ಲ ಇದೇ ಬೇನೆ” ಅನ್ನುತ್ತಾರೆ. ಅದು ತಪ್ಪು. ಚೌಡಕಿ ಸದ್ದಿಗೆ ಮೈದುಂಬಿ, ತಾಸಿನಲ್ಲಿ ಇಳಿದು, ಪಡ್ಡಲಗಿ ತುಂಬಿಸಿ, ಸಂಜೆ ಬಂಡಿ ಹತ್ತಿ ಮನೆಗೆ ಹೋಗಿ ಅಡಿಗೆ ಮಾಡುವವಳಿಗೆ ಬೇನೆ ಎಲ್ಲಿಯದು? ತಿಂಗಳುಗಟ್ಟಲೆ ನಿದ್ದೆ ಇಲ್ಲದೆ, ಯಾರಿಗೂ ಕೇಳದ ದನಿ ಕೇಳುತ್ತ, ಮನೆ ಹೊಲ ಮರೆತವನದು ಬೇರೆ. ಗುಡ್ಡಕ್ಕೆ ಹೋಗಬೇಡಿ ಅಂತ ನಾನು ಬರೆಯುವುದಿಲ್ಲ, ನಾವೂ ಹೋಗುತ್ತೇವೆ. ಹೋಗಿ ಬಂದು ಗುಳಗಿ ನುಂಗಿ. ತಾಯಿ ಗುಳಗಿಗೆ ಬೇಡ ಅಂದದ್ದು ನಾನಂತೂ ಕೇಳಿಲ್ಲ.

ಸರಪಳಿಯ ಮಾತಿಗೆ ಬರುತ್ತೇನೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಹತ್ತಿರದ ಖಾಸಗಿ ಆಶ್ರಯದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಮಂದಿ ಸತ್ತರು. ಸುಪ್ರೀಂ ಕೋರ್ಟು ತಾನಾಗಿ ಕೈಗೆತ್ತಿಕೊಂಡ ಪ್ರಕರಣ ಅದು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಬೇನೆ ಇದ್ದವರನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಬಾರದು ಎನ್ನುತ್ತದೆ. ಬಸ್ ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ ದಿಕ್ಕಿಲ್ಲದೆ ಅಲೆಯುವ ಇಂಥವರು ಕಂಡರೆ ಪೊಲೀಸರು ಲಾಕಪ್ಪಿಗೆ ಹಾಕದೆ 24 ತಾಸಿನೊಳಗೆ ಸರ್ಕಾರಿ ದವಾಖಾನೆಗೆ ಒಯ್ಯಬೇಕು. ಠಾಣೆಯ ಸಾಹೇಬರಿಗೆ ಇದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಈ ಕಾಗದ ತೋರಿಸಿ.

ದವಾಖಾನೆ ದೂರ ಅಂತೀರಾ? ಇದಕ್ಕೂ ಕನ್ನಡ ನಾಡೇ ದಾರಿ ತೋರಿಸಿದ್ದು. 1985ರಿಂದ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾದಾ ಡಾಕ್ಟರರಿಗೇ ತರಬೇತಿ ಕೊಟ್ಟು ಅಲ್ಲಿಯೇ ಗುಳಗಿ ಸಿಗುವ ಹಾಗೆ ಮಾಡಿದರು. ಆ ಬಳ್ಳಾರಿ ಪದ್ಧತಿಯನ್ನೇ 1996ರಿಂದ ದೇಶಕ್ಕೆಲ್ಲ ಹರಡಲು ಸರ್ಕಾರ ಹೊರಟಿದ್ದು. ಆಮೇಲೆ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್‌ನವರು ಮನೆ ಮನೆ ಹುಡುಕಿ ಈ ಬೇನೆಯವರನ್ನು ಗುರುತಿಸಿ ವರ್ಷಗಟ್ಟಲೆ ನೋಡಿದರು. ಗುಳಗಿ ತೆಗೆದುಕೊಂಡವರು ದುಡಿದು ತಿನ್ನುವ ಮಟ್ಟಿಗೆ ಸುಧಾರಿಸಿದರು, ತೆಗೆದುಕೊಳ್ಳದವರ ಅಂಗವಿಕಲತೆ ಹಾಗೆಯೇ ಉಳಿಯಿತು.

ಆದರೂ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇಂಥ ಬೇನೆಯ ನೂರು ಮಂದಿಯಲ್ಲಿ 75ಕ್ಕೆ ಚಿಕಿತ್ಸೆಯೇ ಇಲ್ಲ. ಯಾವುದೇ ಹೊತ್ತಿಗೆ ಸಾವಿರ ವಯಸ್ಕರಲ್ಲಿ ನಾಲ್ವರಿಗೆ ಈ ಜಾತಿಯ ಬೇನೆ ಇರುತ್ತದೆಂದು ಅದೇ ಲೆಕ್ಕ. ಐದು ಸಾವಿರ ಮತದಾರರ ಊರಲ್ಲಿ ಇಪ್ಪತ್ತು ಮಂದಿ. ನಿಮ್ಮ ಊರಲ್ಲಿ ಎಷ್ಟು ಮಂದಿ ಕಾಣುತ್ತಾರೆ? ಉಳಿದವರು ಎಲ್ಲಿದ್ದಾರೆ? ಕೊಟ್ಟಿಗೆಯಲ್ಲೋ?

‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರ ತಾಲೂಕಾ ದವಾಖಾನೆಗೆ ಮನೋವೈದ್ಯರು ಬರುವ ಯೋಜನೆಯನ್ನು ರಾಜ್ಯ ಸರ್ಕಾರ ತಂದಿದೆ. ಮಂಗಳವಾರ ಎಲ್ಲಮ್ಮನ ವಾರ, ಮರೆಯುವ ಹಾಗಿಲ್ಲ. ನಿಮ್ಮ ತಾಲೂಕಿನ ಸರದಿ ಯಾವ ಮಂಗಳವಾರ ಅಂತ ದವಾಖಾನೆಯಲ್ಲೇ ಕೇಳಿ. ಬರದಿದ್ದರೆ ಯಾಕೆ ಬರಲಿಲ್ಲ ಅಂತಲೂ ಕೇಳಿ, ನಮಗೂ ಒಂದು ಕಾರ್ಡು ಬರೆಯಿರಿ. ಕಿತ್ತೂರು, ಸವದತ್ತಿಯವರಿಗೆ ಬೆಳಗಾವಿಗಿಂತ ಧಾರವಾಡವೇ ಹತ್ತಿರ. ರಾಮದುರ್ಗದವರಿಗೆ ದೂರ, ಅವರಿಗೆ ತಾಲೂಕಾ ದವಾಖಾನೆಯೇ ಗತಿ. ಫೋನಿನ ಮೇಲೆ ಕೇಳುವುದಿದ್ದರೆ 2022ರಿಂದ ನಡೆದಿರುವ ‘ಟೆಲಿ ಮಾನಸ್’ ನಂಬರು 14416, ರೊಕ್ಕ ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. 2016ರ ಕಾನೂನಿನಂತೆ ಈ ಬೇನೆಯವರಿಗೂ ಅಂಗವಿಕಲರ ಕಾರ್ಡು ಸಿಗುತ್ತದೆ.

ಕಾಕಾ ಈಗ ಮಗ್ಗದ ಮೇಲಿದ್ದಾನೆ. ಮೊದಲಿನಷ್ಟು ನೇಯುವುದಿಲ್ಲ, ಬೇಗ ದಣಿಯುತ್ತಾನೆ. ಸರಪಳಿಯ ಗುರುತು ಎಡಗಾಲಿನ ಮೇಲೆ ಇನ್ನೂ ಇದೆ. ಅದರ ಬಗ್ಗೆ ನಾವಿಬ್ಬರೂ ಇಲ್ಲಿಯತನಕ ಮಾತಾಡಿಲ್ಲ. ಇದನ್ನು ಬರೆದ ಮೇಲೆ ಅವನ ಮುಂದೆ ಕುಂತು ಓದಿ ತೋರಿಸಿದೆ. ಕೀಲಿಯ ಭಾಗ ಬಂದಾಗ ಸುಮ್ಮನೆ ಲಾಳಿಗೆ ನೂಲು ತುಂಬುತ್ತಿದ್ದ. ಮುಗಿದ ಮೇಲೆ ಅಂದ:

“ಬರಿ, ಬರಿ. ಡಂಗುರ ಅಂತ ಹೇಳಿದ್ದು ಮಂದಿಗಿ ತಿಳೀತೈತಿ. ಆದ್ರ ನನಗ ಕೇಳತಿದ್ದದ್ದು ಡಂಗುರ ಅಲ್ಲೋ ತಮ್ಮಾ. ಯಾರೋ ಮಗ್ಗಲದಾಗ ಕುಂತು ಮೆಲ್ಲಕ ಮಾತಾಡಿದಂಗ ಇರತಿತ್ತು. ಅದಕ್ಕ ಅಷ್ಟ ಅಂಜಿಕಿ.”